ಇಮಿಗ್ರೇಷನ್ ಸ್ಟೇಟಸ್ (ಅಮೆರಿಕದಲ್ಲಿರೋ ಕಾನೂನು ಪರವಾನಗಿ) ಇಲ್ಲದ ಬಸುರಿಗೆ ಟೆಕ್ಸಸ್‌ನಲ್ಲಿ ಏನು ಸಿಗುತ್ತೆ? ಹೆರಿಗೆ ವಾರ್ಡಿನ ನರ್ಸ್ ವಿದ್ಯಾ ಅವರನ್ನು ಕೇಳಿ

ರೂಪಾ: ವಿದ್ಯಕ್ಕ, ವೀಸಾ ಮುಗಿದವರಿಗೆ ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ) ಇಲ್ವಂತೆ. ಐದನೇ ತಿಂಗಳು. ಚೆಕಪ್‌ಗೆ ಏನು ದಾರಿ?

ವಿದ್ಯಾ: ಪೂರ್ತಿ ಮೆಡಿಕೇಡ್ ಇಲ್ಲ, ಚಿಪ್ ಪೆರಿನೇಟಲ್ ಅನ್ನೋ ಸರ್ಕಾರಿ ವಿಮೆ ಇದೆ. ಅದು ಹೊಟ್ಟೆಯಲ್ಲಿರೋ ಮಗುವಿನ ಲೆಕ್ಕ, ತಾಯಿಯ ಸ್ಟೇಟಸ್ ಅಡ್ಡ ಬರಲ್ಲ. ಟೆಕ್ಸಸ್‌ನಲ್ಲಿ ವಾಸ ಇರಬೇಕು, ಆದಾಯ ಫೆಡರಲ್ ಬಡತನ ಮಟ್ಟದ 202% ದಾಟಬಾರದು. ಮನೆಮಂದಿ ಎಣಿಸುವಾಗ ಹುಟ್ಟೋ ಮಗುವನ್ನೂ ಸೇರಿಸಿ, ಇದನ್ನ ಬಿಟ್ಟೇ ಎಷ್ಟೋ ಅರ್ಜಿ ಬಿದ್ದುಹೋಗುತ್ತೆ. ಸಹಾಯವಾಣಿ 211ಕ್ಕೆ ಫೋನ್ ಮಾಡಿ, ಭಾಷೆ ಆರಿಸಿ, 2 ಒತ್ತಿ. ಸೋಶಿಯಲ್ ಸೆಕ್ಯುರಿಟಿ ನಂಬರ್ (ಸರ್ಕಾರ ಕೊಡೋ ಗುರುತಿನ ಸಂಖ್ಯೆ) ಇಲ್ಲದಿದ್ರೆ ಖಾಲಿ ಬಿಡಿ. ಬೇರೆಯವರದ್ದು ಹಾಕಬೇಡಿ. ಹೆರಿಗೆಗೆ ಮುಂಚೆ 20 ಭೇಟಿವರೆಗೆ, ವಿಟಮಿನ್, ಲ್ಯಾಬ್, ಬಾಣಂತಿಗೆ 2 ಭೇಟಿ ಸಿಗುತ್ತೆ.

ಶ್ವೇತಾ: ವಿಸಿಟರ್ ವೀಸಾದಲ್ಲಿ ಬಂದಿರೋ ತಂಗಿಗೆ?

ವಿದ್ಯಾ: ಇಲ್ಲ. ವಾಸ ಅಂತ ಮೇಲೇ ಬರೆದಿದೀನಿ.

ಹೆಸರು ಬೇಡ: 32 ವಾರ. ನಿನ್ನೆಯಿಂದ ತಲೆನೋವು, ಕಣ್ಣು ಮಂಜು. ಫಾರ್ಮಸಿ ಮಷೀನಲ್ಲಿ ಬಿಪಿ 154/100. ಚಿಪ್ ಕಾರ್ಡ್ ಇದೆ, ಆದ್ರೆ ಆಸ್ಪತ್ರೆಯಲ್ಲಿ ಸ್ಟೇಟಸ್ ಕೇಳ್ತಾರಂತೆ, ಮನೆಯವರು ಬೇಡ ಅಂತಾರೆ.

ಮಂಜುಳಾ: ಬಾರ್ಲಿ ನೀರು ಕುಡೀರಿ, ಎರಡು ದಿನದಲ್ಲಿ ಇಳಿಯುತ್ತೆ. ಫಾರ್ವರ್ಡ್ ಹಾಕ್ತೀನಿ.

ವಿದ್ಯಾ: ಮಂಜುಳಾ, ಅದನ್ನ ಅಳಿಸಿ. ಫಿಟ್ಸ್ ಬಂದ್ರೆ ಬಾರ್ಲಿ ನೀರು ಹಿಡಿಯಲ್ಲ.

ಹೆಸರು ಬೇಡ ಅವರೇ, ಈಗಲೇ ಹೊರಡಿ. ಬಸುರಿಯಲ್ಲಿ 140/90 ದಾಟಿ ಕಣ್ಣು ಮಂಜಾದ್ರೆ ಪ್ರಿಎಕ್ಲಾಂಪ್ಸಿಯಾ (ಬಸುರಿಯ ಅಪಾಯಕಾರಿ ಬಿಪಿ ಕಾಯಿಲೆ) ಅಂತಲೇ ನೋಡ್ತೀವಿ, 160/110 ಆಗಲಿ ಅಂತ ಕಾಯಲ್ಲ. ಅರ್ಜೆಂಟ್ ಕೇರ್ ಕ್ಲಿನಿಕ್ ಬೇಡ, ಹೆರಿಗೆ ವಿಭಾಗ ಇರೋ ಆಸ್ಪತ್ರೆಗೇ ಹೋಗಿ. ಬಾಗಿಲಲ್ಲೇ "32 ವಾರ, ಬಿಪಿ, ಕಣ್ಣು ಮಂಜು" ಅನ್ನಿ. ಮೂತ್ರದ ಪ್ರೋಟೀನ್, ಪ್ಲೇಟ್‌ಲೆಟ್, ಲಿವರ್, ಕಿಡ್ನಿಯ ಕ್ರಿಯಾಟಿನಿನ್ ನೋಡ್ತಾರೆ, ಬೇಕಾದ್ರೆ ಫಿಟ್ಸ್ ತಡೆಯೋ ಮೆಗ್ನೀಷಿಯಂ ಡ್ರಿಪ್ ಕೊಡ್ತಾರೆ. 1986ರ ಎಮ್‌ಟಾಲಾ ಅನ್ನೋ ತುರ್ತು ಚಿಕಿತ್ಸೆ ಕಾಯ್ದೆ ಪ್ರಕಾರ ದುಡ್ಡಿಲ್ಲ, ಸ್ಟೇಟಸ್ ಇಲ್ಲ ಅಂತ ತಪಾಸಣೆ ನಿಲ್ಲಿಸೋ ಹಾಗಿಲ್ಲ. 2024ರ ನವೆಂಬರ್‌ನಿಂದ ಗವರ್ನರ್ ಆದೇಶದಂತೆ ಸ್ಟೇಟಸ್ ಕೇಳೋದು ನಿಜ. "ಉತ್ತರ ಕೊಡಲ್ಲ" ಅನ್ನಬಹುದು, ಚಿಕಿತ್ಸೆ ಬದಲಾಗಲ್ಲ. ಸುಳ್ಳು ಮಾತ್ರ ಹೇಳಬೇಡಿ.

ಕಿರಣ್: ನಮ್ಮ ಟ್ಯಾಕ್ಸ್‌ನಲ್ಲಿ ಇದೆಲ್ಲ.

ರೂಪಾ: ಅವರೇನು ಸೇಲ್ಸ್ ಟ್ಯಾಕ್ಸ್ ಕೊಡದೆ ಅಕ್ಕಿ ತರ್ತಾರಾ? ಬಾಡಿಗೆಯಲ್ಲಿ ಪ್ರಾಪರ್ಟಿ ಟ್ಯಾಕ್ಸ್ ಇಲ್ವಾ?

ಕಿರಣ್: ಲೈನಲ್ಲಿ ನಿಂತು ಗ್ರೀನ್ ಕಾರ್ಡ್ ಕಾಯೋರು ಪೆದ್ದರಾ ಹಾಗಾದ್ರೆ?

ಮಂಜುಳಾ: ಒಳ್ಳೇದು ಹೇಳಿದ್ರೂ ಬೈಸಿಕೊಳ್ಳಬೇಕು ಇಲ್ಲಿ.

ಶ್ವೇತಾ: ಮೆಡಿಕೇಡ್ ಮಾಹಿತಿ ಇಮಿಗ್ರೇಷನ್‌ಗೆ ಹೋಗುತ್ತಂತಲ್ಲ?

ವಿದ್ಯಾ: 2025ರ ಜೂನ್‌ನಲ್ಲಿ ಕೆಲವು ರಾಜ್ಯಗಳದ್ದು ಹೋಯ್ತು, ರಾಜ್ಯಗಳು ಕೋರ್ಟಿಗೂ ಹೋದ್ವು. ಅಪಾಯ ಇಲ್ಲ ಅಂತ ನಾನು ಹೇಳಲ್ಲ. ಹೊಸದಾಗಿ ಅರ್ಜಿ ಹಾಕೋರು ಮೊದಲು ಇಮಿಗ್ರೇಷನ್ ವಕೀಲರನ್ನ ಕೇಳಿ. ಬಿಪಿ ಏರಿದವರಿಗೆ ಆ ಪುರುಸೊತ್ತಿಲ್ಲ.

ದೀಪಾ: ಬರ್ತ್ ಸರ್ಟಿಫಿಕೇಟ್‌ಗೆ ಅವಧಿ ಮುಗಿದ ಪಾಸ್‌ಪೋರ್ಟ್ ನಡೆಯುತ್ತಾ?

ಹೆಸರು ಬೇಡ: ಅಡ್ಮಿಟ್ ಮಾಡಿದಾರೆ. ಹೆರಿಗೆ ಆಗದೆ ಇದ್ರೆ ಆಸ್ಪತ್ರೆ ಬಿಲ್ ಚಿಪ್ ಕೊಡಲ್ಲ ಅಂತಿದಾರೆ ಕೌಂಟರ್‌ನಲ್ಲಿ.

ವಿದ್ಯಾ: ಅದು ನಿಜ, ಹಾಗಂತ ಎದ್ದು ಬರಬೇಡಿ. ಆದಾಯ ಬಡತನ ಮಟ್ಟದ 198% ಒಳಗಿದ್ರೆ ನಿಮ್ಮ ಹೆಸರಲ್ಲಿ ಎಮರ್ಜೆನ್ಸಿ ಮೆಡಿಕೇಡ್ (ತುರ್ತು ಚಿಕಿತ್ಸೆಗೆ ಮಾತ್ರ) ಅರ್ಜಿ ಬೇರೆ ಹಾಕಬೇಕು. ಜೊತೆಗೆ ಎಚ್3038 ಫಾರ್ಮ್. ಅದರಲ್ಲಿ ಎಮರ್ಜೆನ್ಸಿ ಶುರುವಾದ, ಮುಗಿದ ತಾರೀಕು ಡಾಕ್ಟರ್ ಬರೆದು ಸಹಿ ಹಾಕಬೇಕು. ಆ ತಾರೀಕಿನ ಹೊರಗಿನ ದಿನದ ಬಿಲ್ ನಿಮ್ಮ ತಲೆಗೆ ಬರುತ್ತೆ, ಡಿಸ್ಚಾರ್ಜ್‌ಗೆ ಮುಂಚೆ ನೋಡ್ಕೊಳ್ಳಿ. ಹೆರಿಗೆ ಆದ್ರೆ ಎಚ್3038-ಪಿ, ಅದು ಬೇರೆ ಫಾರ್ಮ್. ಫೈನಾನ್ಷಿಯಲ್ ಕೌನ್ಸೆಲರ್ ಕರೆಸಿ, ಚಾರಿಟಿ ಕೇರ್ (ಆಸ್ಪತ್ರೆಯೇ ಬಿಲ್ ಇಳಿಸೋ ನೆರವು) ಅರ್ಜಿಯನ್ನೂ ಕೇಳಿ.

ಶ್ವೇತಾ: ತಂಗಿ ಆರು ತಿಂಗಳು ಇಲ್ಲೇ ಇರ್ತಾಳೆ, ಆಗಲಾದ್ರೂ...

ವಿದ್ಯಾ: ಇಲ್ಲ.