ಹಳೇ ಕನ್ಸರ್ವೇಟರಿ: ಛಾವಣಿ ಮಾತ್ರ ಬದಲಿಸೋಣವೋ, ಕೆಡವಿ ಕಟ್ಟಿಸೋಣವೋ?

ಹಾಸನ_ಟು_ರೆಡಿಂಗ್

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ಹಳೇ ಮನೆ ಕೊಂಡವರು ಸ್ವಲ್ಪ ದಾರಿ ತೋರಿಸಿ.

ನಮ್ಮದು ರೆಡಿಂಗ್‌ನಲ್ಲಿ ಸೆಮಿ ಡಿಟ್ಯಾಚ್ಡ್ ಮನೆ, ಅಂದರೆ ಒಂದು ಪಕ್ಕದ ಗೋಡೆ ನೆರೆಮನೆಗೂ ಸೇರಿದ್ದು. ಹಿಂದುಗಡೆ ಮನೆಗೆ ಅಂಟಿಕೊಂಡ ಗಾಜಿನ ಕೋಣೆ, ಅಂದರೆ ಒಂದು ಕನ್ಸರ್ವೇಟರಿ ಇದೆ, ಹಿಂದಿನ ಮಾಲೀಕರು 2001ರಲ್ಲಿ ಕಟ್ಟಿಸಿದ್ದು. 4 ಮೀಟರ್ ಉದ್ದ, 3 ಮೀಟರ್ ಅಗಲ. ಮೊಣಕಾಲೆತ್ತರ ಇಟ್ಟಿಗೆ ಗೋಡೆ, ಅದರ ಮೇಲೆ ಸುತ್ತಲೂ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಫ್ರೇಮಿನ ಕಿಟಕಿ, ತಲೆ ಮೇಲೆ ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್ ಹಾಳೆ. ಪಶ್ಚಿಮ ದಿಕ್ಕಿಗಿದೆ.

ಜುಲೈಯಲ್ಲಿ ಅಲ್ಲಿ ದೋಸೆ ಹಿಟ್ಟು ಇಟ್ಟರೆ ಮಧ್ಯಾಹ್ನದೊಳಗೆ ಪಾತ್ರೆ ಬಿಟ್ಟು ಹೊರಗೆ ಬಂದಿರುತ್ತದೆ. ಸಂಡಿಗೆ ಚೆನ್ನಾಗಿ ಒಣಗುತ್ತದೆ, ಮನುಷ್ಯರು ಮಾತ್ರ ಕೂರೋಕಾಗಲ್ಲ. ಜನವರಿಯಲ್ಲಿ ಉಳಿದ ಸಾರನ್ನು ಫ್ರಿಜ್ ಬದಲು ಅಲ್ಲೇ ಇಡುತ್ತೇನೆ. ಮಳೆ ಬಂದರಂತೂ ಆ ಹಾಳೆಯ ಸದ್ದಿಗೆ ಫೋನಿನಲ್ಲಿ ಮಾತಾಡಲೂ ಆಗದು. ಹೀಗೆ ವರ್ಷದ ಮುಕ್ಕಾಲು ಪಾಲು ಅದು ಬಟ್ಟೆ ಒಣಗಿಸುವ ಜಾಗ, ಅಷ್ಟೇ.

ಈ ಸಲ ನಮ್ಮತ್ತೆ ನವೆಂಬರಿನಲ್ಲಿ ಬರುತ್ತಾರೆ, ಆರು ತಿಂಗಳ ವಿಸಿಟರ್ ವೀಸಾ. ಮಂಡಿ ನೋವು, ಚಳಿಯಲ್ಲಿ ಹೊರಗೆ ಓಡಾಡುವ ಹಾಗಿಲ್ಲ. ಹಗಲು ಹೊತ್ತು ಬೆಚ್ಚಗೆ ಕೂತು ಹೊರಗೆ ನೋಡೋಕೆ ಒಂದು ಜಾಗ ಮಾಡಿಕೊಡಬೇಕು ಅಂತ ಆಸೆ.

ಮೂವರನ್ನು ಕರೆಸಿ ಕೇಳಿದೆವು. ಒಬ್ಬರು ಇರುವ ಹಾಳೆಯ ಕೆಳಗೇ ಇನ್ಸುಲೇಷನ್ (ಶಾಖ ಸೋರದಂತೆ ತಡೆಯುವ ಪದರ) ಹಾಕಿ ಸೀಲಿಂಗ್ ಕಟ್ಟುತ್ತೇವೆ, 5,000 ಪೌಂಡ್ ಅಂದರು. ಇನ್ನೊಬ್ಬರದು ಟೈಲ್ಸ್ ಹೊದಿಸಿದ ಸಾಲಿಡ್ ರೂಫ್, 16,000. ವ್ಯಾಟ್ (ಮಾರಾಟ ತೆರಿಗೆ) ಸೊನ್ನೆ, ಈ ವಾರವೇ ಸಹಿ ಹಾಕಿದರೆ ಡಿಸ್ಕೌಂಟ್ ಅಂತ ಒಂದೇ ವರಾತ. ಮೂರನೆಯವರು ಎಲ್ಲಾ ಕೆಡವಿ ಎಕ್ಸ್‌ಟೆನ್ಷನ್ ಮಾಡಿಸಿ ಅಂದರು, 55,000. ಅಡುಗೆಮನೆಗೂ ಇದಕ್ಕೂ ನಡುವಿನ ಬಾಗಿಲು ತೆಗೆದುಬಿಡಿ, ಮನೆ ದೊಡ್ಡದಾಗುತ್ತದೆ ಅಂತ ಮೂವರೂ ಹೇಳಿದರು. ಯಾವುದನ್ನು ನಂಬಲಿ?

ಕಾವೆಂಟ್ರಿ_ಇಂಜಿನಿಯರ್

ಮೇಡಂ, ಮೊದಲು ಆ ಬಾಗಿಲ ವಿಷಯ. ಅದನ್ನು ಮುಟ್ಟಬೇಡಿ.

ಇಂಗ್ಲೆಂಡಿನಲ್ಲಿ ಕನ್ಸರ್ವೇಟರಿಗೆ ಬಿಲ್ಡಿಂಗ್ ರೆಗ್ಯುಲೇಷನ್ಸ್‌ನಿಂದ (ಕಟ್ಟಡ ನಿಯಮಗಳಿಂದ) ವಿನಾಯಿತಿ ಸಿಗುವುದಕ್ಕೆ ಕೆಲವು ಷರತ್ತುಗಳಿವೆ. ನೆಲಮಟ್ಟದಲ್ಲಿರಬೇಕು, 30 ಚದರ ಮೀಟರಿಗಿಂತ ಕಡಿಮೆ ಇರಬೇಕು, ಹೀಟಿಂಗ್ ಮನೆಯದಕ್ಕಿಂತ ಬೇರೆ ಇರಬೇಕು. ಮುಖ್ಯವಾಗಿ, ಮನೆಗೂ ಅದಕ್ಕೂ ನಡುವೆ ಹೊರಬಾಗಿಲಿನಷ್ಟೇ ಗಟ್ಟಿಯಾದ ಗೋಡೆ, ಬಾಗಿಲು ಇರಬೇಕು. ಬಾಗಿಲು ಕಿತ್ತರೆ, ಅಥವಾ ಮನೆಯ ಬಾಯ್ಲರ್‌ನಿಂದ ಒಂದು ರೇಡಿಯೇಟರ್ ಎಳೆದರೆ, ಆ ವಿನಾಯಿತಿ ಹೋಯ್ತು. ಮುಂದೆ ಮನೆ ಮಾರುವಾಗ ಕೊಳ್ಳುವವರ ಸಾಲಿಸಿಟರ್ (ವಕೀಲರು) ಪೇಪರ್ ಕೇಳುತ್ತಾರೆ. ಆಗ ಪರದಾಟ.

ಈಗ ಲೆಕ್ಕ. ಎಲ್ಲರೂ ಛಾವಣಿ ಛಾವಣಿ ಅನ್ನುತ್ತಾರೆ, ಯಾಕಂದರೆ ಮಾರೋದು ಛಾವಣಿ. ನಿಮ್ಮ ಛಾವಣಿ ಸುಮಾರು 12 ಚದರ ಮೀಟರ್. 2001ರದ್ದಾದರೆ ಬಹುಶಃ 16 ಮಿ.ಮೀ. ಹಾಳೆ, ಅದರ ಯು ವ್ಯಾಲ್ಯೂ 2.3ರ ಆಸುಪಾಸು. ಅಂದರೆ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದರೆ ಚದರ ಮೀಟರಿಗೆ ಅಷ್ಟು ವಾಟ್ ಶಾಖ ಸೋರುತ್ತದೆ. ಹೊರಗೆ ಸೊನ್ನೆ, ಒಳಗೆ 20 ಡಿಗ್ರಿ ಅಂದುಕೊಳ್ಳಿ. ಛಾವಣಿಯಿಂದ ಹೋಗುವುದು 550 ವಾಟ್. ಸಾಲಿಡ್ ರೂಫ್ ಹಾಕಿದರೆ ಯು ವ್ಯಾಲ್ಯೂ 0.18, ಸೋರಿಕೆ ಬರೀ 43 ವಾಟ್. ಭಾರಿ ಉಳಿತಾಯ, ಒಪ್ಪೋಣ.

ಆದರೆ ಸುತ್ತಲಿನ ಗಾಜು? ಹತ್ತು ಮೀಟರ್ ಉದ್ದ, ಒಂದೂವರೆ ಮೀಟರ್ ಎತ್ತರ, 15 ಚದರ ಮೀಟರ್ ಆಯ್ತು. ಆ ಕಾಲದ ಡಬಲ್ ಗ್ಲೇಜಿಂಗ್ (ಎರಡು ಪದರದ ಗಾಜು) ಯು ವ್ಯಾಲ್ಯೂ 2.8ರ ಹತ್ತಿರ ಇರುತ್ತದೆ. ಅಲ್ಲಿಂದ ಹೋಗುವುದು 840 ವಾಟ್! ಛಾವಣಿಗಿಂತ ಜಾಸ್ತಿ. ಈಗಿನ 1.4ರ ಗಾಜು ಹಾಕಿದರೆ ಅದು ಅರ್ಧಕ್ಕಿಳಿಯುತ್ತದೆ. 16,000 ಕೊಟ್ಟು ಛಾವಣಿ ಹಾಕಿಸಿ ಹಳೇ ಗಾಜು ಬಿಟ್ಟರೆ ನಿಮ್ಮತ್ತೆಯವರಿಗೆ ಬೆನ್ನ ಹಿಂದೆ ಚಳಿ ತಪ್ಪಲ್ಲ. ನೆಲವನ್ನೂ ಮರೆಯಬೇಡಿ. ಕಾಂಕ್ರೀಟ್ ಮೇಲೆ ನೇರ ಟೈಲ್ಸ್ ಇದ್ದರೆ ಕಾಲು ಜುಂ ಅನ್ನುತ್ತದೆ.

ಇನ್ನು ಭಾರ. ನಿಮ್ಮ ಹಾಳೆ ಚದರ ಮೀಟರಿಗೆ ಮೂರು ಕೇಜಿಯೂ ಇಲ್ಲ. ಹಗುರ ಅಂತ ಮಾರುವ ಸಾಲಿಡ್ ರೂಫ್ ಕೂಡ ಅದರ ಹತ್ತು ಪಟ್ಟು. ಹಿಮ ಬಿದ್ದರೆ ಅದು ಬೇರೆ. ಅದಕ್ಕೇ ಸಾಲಿಡ್ ರೂಫಿಗೆ ಬಿಲ್ಡಿಂಗ್ ಕಂಟ್ರೋಲ್ (ಕಟ್ಟಡ ನಿಯಮ ಪರಿಶೀಲಿಸುವವರ) ಒಪ್ಪಿಗೆ ಬೇಕು. ಗೋಡೆ ಪಕ್ಕ ಒಂದು ಸಣ್ಣ ಗುಂಡಿ ತೋಡಿಸಿ ಪಾಯ ಎಷ್ಟು ಆಳ ಇದೆ ನೋಡಿ. ಮೂಲೆ ಕಂಬಗಳಲ್ಲಿ ಒಳಗೆ ಲೋಹ ಇದೆಯೋ, ಬರೀ ಪ್ಲಾಸ್ಟಿಕ್ಕೋ ಅದನ್ನೂ ಕೇಳಿ. ಗುಂಡಿ ತೋಡದೆ ಕೊಟೇಷನ್ ಕೊಟ್ಟವರು ಬರೀ ಅಂದಾಜು ಕೊಟ್ಟಿದ್ದಾರೆ ಅಂದುಕೊಳ್ಳಿ.

5,000ದ ಕೆಲಸ ನಾನಾದರೆ ಮಾಡಿಸಲ್ಲ. ಒಳಗಿನ ಹಸಿ ಗಾಳಿ ಸೀಲಿಂಗ್ ದಾಟಿ ಮೇಲಿನ ತಣ್ಣನೆ ಹಾಳೆಗೆ ತಾಗಿ ನೀರಾಗುತ್ತದೆ. ಆವಿ ತಡೆಯುವ ಪದರ, ಮೇಲೆ ಗಾಳಿಯಾಡಲು ಜಾಗ ಇಲ್ಲದಿದ್ದರೆ ಬೂಸ್ಟು ಗ್ಯಾರಂಟಿ. ನೀವು ಅಲ್ಲೇ ಬಟ್ಟೆ ಬೇರೆ ಒಣಗಿಸುತ್ತೀರಿ.

ಮಂಡ್ಯ_ಎಂಕೆ

ಅಕ್ಕ, ನಾವು ಮಿಲ್ಟನ್ ಕೀನ್ಸ್‌ನಲ್ಲಿ ಸಾಲಿಡ್ ರೂಫ್ ಮಾಡಿಸಿ ಎರಡು ಚಳಿಗಾಲ ಕಳೆದೆವು. ಮಳೆ ಸದ್ದು ಪೂರ್ತಿ ಹೋಯ್ತು, ಅದೊಂದಕ್ಕೇ ಕೊಟ್ಟ ದುಡ್ಡು ಸಾರ್ಥಕ ಅಂತಾಳೆ ನನ್ನ ಹೆಂಡತಿ. ಆದರೆ ಒಂದು ಮಾತು ಯಾರೂ ಹೇಳಲ್ಲ. ಕನ್ಸರ್ವೇಟರಿಗೆ ಅಂಟಿಕೊಂಡ ಕೋಣೆ ಕತ್ತಲಾಗುತ್ತದೆ. ನಮ್ಮ ಡೈನಿಂಗ್ ರೂಮಿನಲ್ಲಿ ಡಿಸೆಂಬರ್ ಮಧ್ಯಾಹ್ನ ಲೈಟ್ ಹಾಕಲೇಬೇಕು. ನಿಮಗೆ ಅಡುಗೆಮನೆ ಅಲ್ವಾ? ಛಾವಣಿಯಲ್ಲಿ ಎರಡು ರೂಫ್ ವಿಂಡೋ ಹಾಕಿಸಿ, ತೆರೆಯುವಂಥವೇ ಇರಲಿ. ಬೇಸಿಗೆಯಲ್ಲಿ ಬಿಸಿ ಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ. ಪಶ್ಚಿಮದ ಸಂಜೆ ಬಿಸಿಲು ಕಿಟಕಿಯಿಂದ ನುಗ್ಗೋದರಿಂದ ಬ್ಲೈಂಡ್ ಹೇಗೂ ಬೇಕು.

ಆ ವ್ಯಾಟ್ ಸೊನ್ನೆ ಮಾತು ನಂಬಬೇಡಿ. ಇನ್ಸುಲೇಷನ್ ಹಾಕಿಸಿದರೆ ಸೊನ್ನೆ ನಿಜ. ಆದರೆ ಕನ್ಸರ್ವೇಟರಿಗೆ ಹೊಸ ಇನ್ಸುಲೇಟೆಡ್ ಪ್ಯಾನೆಲ್ ಹೊದಿಸಿದರೆ ಅದು ಇನ್ಸುಲೇಷನ್ ಅಲ್ಲ, ಛಾವಣಿಯೇ ಅಂತ 2023ರಲ್ಲಿ ಕೋರ್ಟ್ ಆಫ್ ಅಪೀಲ್ ಹೇಳಿಯಾಗಿದೆ. ಅದಕ್ಕೆ 20% ವ್ಯಾಟ್. ಕೊಟೇಷನ್ನಿನಲ್ಲಿ ವ್ಯಾಟ್ ಬೇರೆಯಾಗಿ ಬರೆಸಿಕೊಳ್ಳಿ. ಕೊನೇ ಕಂತನ್ನು ಬಿಲ್ಡಿಂಗ್ ಕಂಟ್ರೋಲ್ ಕಂಪ್ಲೀಷನ್ ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಕೊಡಿ. ಈ ವಾರವೇ ಸಹಿ ಅನ್ನುವವರ ಡಿಸ್ಕೌಂಟು ಮುಂದಿನ ವಾರವೂ ಇರುತ್ತದೆ, ಎಲ್ಲಿಗೂ ಹೋಗಲ್ಲ.

ಲೀಡ್ಸ್_ಅಜ್ಜಿಮನೆ

ನಾನು ಉಲ್ಟಾ ಹೇಳ್ತೀನಿ. ಅತ್ತೆಯವರಿಗೆ ಆರು ತಿಂಗಳು ಕೂರೋಕೆ 16,000 ಯಾಕ್ರೀ? ಲಿವಿಂಗ್ ರೂಮಿನ ಕಿಟಕಿ ಪಕ್ಕ ಒಂದು ಒಳ್ಳೆ ಕುರ್ಚಿ ಹಾಕಿ.

ಹಾಸನ_ಟು_ರೆಡಿಂಗ್

ಅಜ್ಜಿಮನೆಯವರೇ, ಲಿವಿಂಗ್ ರೂಮಿನ ಕಿಟಕಿಯಿಂದ ಕಾಣೋದು ಎದುರು ಮನೆಯವರ ವ್ಯಾನು! ತಮಾಷೆ ಬಿಡಿ, ಅತ್ತೆಯ ನೆಪದಲ್ಲಿ ನನಗೂ ಒಂದು ಕೋಣೆ ಬೇಕಾಗಿದೆ.

ಇಂಜಿನಿಯರ್ ಸರ್, ಲೆಕ್ಕಕ್ಕೆ ತುಂಬಾ ಥ್ಯಾಂಕ್ಸ್. ಬಾಗಿಲು ಉಳಿಸಿಕೊಳ್ಳುತ್ತೇವೆ. ಒಂದು ಪ್ರಶ್ನೆ: ಕನ್ಸರ್ವೇಟರಿಯಿಂದ ಎರಡು ಹೆಜ್ಜೆ ದೂರದಲ್ಲಿ ಮ್ಯಾನ್‌ಹೋಲ್ ಮುಚ್ಚಳ ಇದೆ. ಹೊಸ ಪಾಯ ಬೇಕಾದರೆ ಅದೇನಾದರೂ ತೊಂದರೆಯಾ? ಬಿಸಿಗೆ ಏನು ಹಾಕಲಿ?

ಕಾವೆಂಟ್ರಿ_ಇಂಜಿನಿಯರ್

ಅದು ಪಬ್ಲಿಕ್ ಸೀವರ್ (ಸಾರ್ವಜನಿಕ ಒಳಚರಂಡಿ) ಆಗಿದ್ದರೆ 3 ಮೀಟರಿನೊಳಗೆ ಪಾಯ ತೋಡಲು ವಾಟರ್ ಕಂಪನಿಯ ಒಪ್ಪಿಗೆ ಬೇಕು. 2011ರಲ್ಲಿ ಅಕ್ಕಪಕ್ಕದ ಮನೆಗಳು ಹಂಚಿಕೊಳ್ಳುವ ಬಹುತೇಕ ಕೊಳವೆಗಳು ಅವರ ಸುಪರ್ದಿಗೆ ಹೋದವು. ಸೆಮಿ ಆದ್ದರಿಂದ ನಿಮ್ಮದೂ ಹಾಗೇ ಇರಬಹುದು, ಅವರ ನಕ್ಷೆ ತರಿಸಿ. ಪಕ್ಕದ ಮನೆಗೆ 3 ಮೀಟರಿನೊಳಗೆ ಅವರ ಪಾಯಕ್ಕಿಂತ ಆಳ ಅಗೆದರೆ 1996ರ ಪಾರ್ಟಿ ವಾಲ್ ಕಾಯ್ದೆ ಪ್ರಕಾರ ಅವರಿಗೆ ನೋಟಿಸ್ ಕೊಡಬೇಕು. ಇದೆಲ್ಲ ನವೆಂಬರಿನೊಳಗೆ ಮುಗಿಯುವ ಕೆಲಸವಲ್ಲ.

ಬಿಸಿಗೆ ಸ್ಪ್ಲಿಟ್ ಏಸಿ ಒಳ್ಳೆಯದು, ಬಿಸಿ ಗಾಳಿಯನ್ನೂ ಕೊಡುತ್ತದೆ. ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಶಾಖ ಸಿಗುತ್ತದೆ ಅಂತಿಟ್ಟುಕೊಳ್ಳಿ. ಬೇಸಿಗೆಗೂ ಅದೇ ಆಗುತ್ತದೆ. ಮನೆ ಹೀಟಿಂಗಿಗೆ ಸೇರದ ಕಾರಣ ವಿನಾಯಿತಿಗೂ ಅಡ್ಡಿಯಿಲ್ಲ. ಈ ಚಳಿಗಾಲಕ್ಕೆ ಗಾಜು ಬದಲಿಸಿ, ಏಸಿ ಹಾಕಿ, ನೆಲಕ್ಕೆ ದಪ್ಪ ರಗ್ಗು ಹಾಸಿ. ಫ್ರೇಮ್ ಗಟ್ಟಿ ಇದ್ದರೆ ಗಾಜಿನ ಯೂನಿಟ್ ಮಾತ್ರ ಬದಲಿಸಬಹುದು, ಆದರೆ ಮುಂದೆ ಸಾಲಿಡ್ ರೂಫಿನ ಭಾರ ಹೊರಲು ಫ್ರೇಮೇ ಬದಲಿಸಬೇಕಾದೀತು. ಅದಕ್ಕೇ ಗುಂಡಿ ತೋಡಿಸಿ, ಕಂಬ ನೋಡಿಸಿ, ಆಮೇಲೆ ಗಾಜಿಗೆ ಆರ್ಡರ್ ಕೊಡಿ. ಛಾವಣಿ ಏಪ್ರಿಲ್ ಆದ ಮೇಲೆ.