ಸಹಾಯ ಬೇಕು: 25 ದಿನಗಳಲ್ಲಿ ಅಡುಗೆಮನೆಯ ಕಪಾಟು

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ 25 ದಿನ ಉಳಿದಿದೆ. ಅಡುಗೆ ಕಟ್ಟೆ ಸಿದ್ಧ, ಕಪಾಟಿಗೆ ಕೈಯಲ್ಲಿರುವುದು 70 ಸಾವಿರ ರೂಪಾಯಿ.

ಈಗಿನ ಬಾಡಿಗೆ ಮನೆಯಲ್ಲಿ ಸಿಂಕ್ ಕೆಳಗಿನ ಪಾರ್ಟಿಕಲ್ ಬೋರ್ಡ್ (ಮರದ ಚೂರು ಅಂಟಿಸಿ ಒತ್ತಿದ ಹಲಗೆ) ಇಲ್ಲಿಯ ಒಂದೇ ಮಳೆಗಾಲಕ್ಕೆ ಚಹಾದಲ್ಲಿ ನೆನೆದ ಟೋಸ್ಟಿನಂತೆ ಉಬ್ಬಿತು. ಸ್ಕ್ರೂ ಹಿಡಿಯದೆ ಬಾಗಿಲು ಕೈಗೇ ಬಂತು. ಅದರ ಸಹವಾಸ ಸಾಕು. ಸಿಂಕ್ ಸುತ್ತ ಮಾತ್ರ ಐಎಸ್ 710 ಮುದ್ರೆಯ (ನೀರು ತಾಳುವ ಮರೈನ್ ದರ್ಜೆಯ) 18 ಮಿ.ಮೀ. ಪ್ಲೈವುಡ್, ಉಳಿದ ಕಡೆ ಅಗ್ಗದ್ದು ಹಾಕಿದರೆ ನಡೆಯುತ್ತದೆಯೇ? ಕೇಳಿದರೆ ಬಡಗಿ ‘ಎಲ್ಲಾ ಒಂದೇ, ಅಕ್ಕಾ’ ಎನ್ನುತ್ತಾನೆ, ಮುದ್ರೆ ಮಾತ್ರ ತೋರಿಸುವುದಿಲ್ಲ!

ಇಲ್ಲೇ ಬೆಳಗಾವಿಯ ಶಹಾಪುರದ ಕಡೆ ಮಾತಿಗೆ ತಪ್ಪದ ಬಡಗಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಮೇಲಿನ ಕಪಾಟುಗಳು ತಡವಾದರೂ ಸರಿ, ಹಾಲು ಉಕ್ಕಿಸುವ ಹೊತ್ತಿಗೆ ಕೆಳಗಿನವು ಮುಗಿದಿರಬೇಕು.