ಸಹಾಯ ಬೇಕು: ವಿದ್ಯುತ್ ಹೋಗಿ ಬಂದ ಮೇಲೆ ಡೊಮೈನ್ ಸರ್ವರ್‌ನ ಗಡಿಯಾರ ಹಿಂದೆ ಬೀಳುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ನೋಡಿಕೊಳ್ಳುವ ಕಾಲೇಜು ಪ್ರಯೋಗಾಲಯದ 40 ಡೆಸ್ಕ್‌ಟಾಪ್‌ಗಳು ಒಂದೇ ವಿಂಡೋಸ್ ಡೊಮೈನ್‌ಗೆ (ಎಲ್ಲರ ಲಾಗಿನ್ ಅನ್ನು ಒಂದು ಸರ್ವರ್ ನೋಡಿಕೊಳ್ಳುವ ಜಾಲಕ್ಕೆ) ಸೇರಿದ್ದು, ವಿದ್ಯುತ್ ಹೋಗಿ ಬಂದ ಮೇಲೆ ಕೆಲವು ಯಂತ್ರಗಳಲ್ಲಿ ಪಾಸ್‌ವರ್ಡ್ ಸರಿಯಿದ್ದರೂ ಲಾಗಿನ್ ಆಗುತ್ತಿಲ್ಲ. ಯಂತ್ರ ಮತ್ತು ಸರ್ವರ್‌ನ ಸಮಯದಲ್ಲಿ 5 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ, ಲಾಗಿನ್ ಪರಿಶೀಲಿಸುವ ಕರ್ಬರೋಸ್ ವ್ಯವಸ್ಥೆ ಸಾಮಾನ್ಯವಾಗಿ ಒಪ್ಪುವುದಿಲ್ಲವೆಂದು ನೆನಪಾಗಿ ಪರಿಶೀಲಿಸಿದಾಗ, ಸರ್ವರ್‌ನ ಗಡಿಯಾರವೇ 17 ನಿಮಿಷ ಹಿಂದಿತ್ತು.

ಈ ಸರ್ವರ್ ಹೈಪರ್-ವಿ ಎಂಬ ತಂತ್ರಾಂಶದ ಮೂಲಕ ಒಂದು ಭೌತಿಕ ಯಂತ್ರದೊಳಗೆ ಓಡುವ ವರ್ಚುವಲ್ ಯಂತ್ರ. ಆ ಭೌತಿಕ ಯಂತ್ರದ ಗಡಿಯಾರವನ್ನು ನಡೆಸುವ ಸಿಆರ್2032 ಬ್ಯಾಟರಿಯನ್ನು ಬದಲಿಸಿದರೂ ದೋಷ ಹೋಗಲಿಲ್ಲ. ಸಮಯದ ಮೂಲವನ್ನು ಕೇಳಿದರೆ ಸರ್ವರ್ ಭೌತಿಕ ಯಂತ್ರವನ್ನು ತೋರಿಸುತ್ತದೆ; ಆ ಯಂತ್ರವೂ ಇದೇ ಡೊಮೈನ್‌ನಲ್ಲಿರುವುದರಿಂದ ಮರಳಿ ಸರ್ವರ್‌ನಿಂದಲೇ ಸಮಯ ಪಡೆಯುತ್ತಿದೆ. ಮೂಲ ದೋಷ ಇದೇ ಎಂದು ನನ್ನ ಅಭಿಪ್ರಾಯ.

ಹೈಪರ್-ವಿ ಸಮಯ ಹೊಂದಾಣಿಕೆಯನ್ನು ನಿಲ್ಲಿಸಿ, ಸರ್ವರ್‌ಗೆ ಹೊರಗಿನ ಎನ್‌ಟಿಪಿ (ಜಾಲದ ಮೂಲಕ ಸಮಯ ಕೊಡುವ) ಮೂಲವನ್ನು ಕೊಟ್ಟರೆ ಸಾಕೇ, ಅಥವಾ ಭೌತಿಕ ಯಂತ್ರಕ್ಕೂ ಪ್ರತ್ಯೇಕವಾಗಿ ಕೊಡಬೇಕೇ? ಪರೀಕ್ಷೆಗಳು ಹತ್ತಿರವಿರುವುದರಿಂದ, ಇದನ್ನು ಸ್ವತಃ ಮಾಡಿರುವವರು ದಯವಿಟ್ಟು ಕ್ರಮವನ್ನು ತಿಳಿಸಿಕೊಡಬೇಕಾಗಿ ವಿನಂತಿ.